ಹೆಗಲ ಮೇಲಿನ ಉಕ್ಕು
(ಸಾಗರದಲ್ಲಿ ಶಿಕ್ಷಕರು, ಪೋಷಕರು ಮತ್ತು ವಿದ್ಯಾರ್ಥಿಗಳ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



"ಶಾಲಾ ನಾಟಕಗಳಲ್ಲಿ ವೇಷಭೂಷಣ" ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ನಾನು ಉರ್ದು ಮತ್ತು ಕನ್ನಡ ಕಲಿಸುವ ಒಬ್ಬ ಸಾಮಾನ್ಯ ಶಿಕ್ಷಕ. ಇತಿಹಾಸ ತಜ್ಞನಲ್ಲ, ರಂಗಭೂಮಿಯವನೂ ಅಲ್ಲ. ಬಿ.ಎಡ್. ಓದುವಾಗ ಬಣ್ಣದ ಕಾಗದದಿಂದ ಕಿರೀಟ ಮಾಡಿದ್ದೇ ಈ ವಿಷಯದಲ್ಲಿ ನನಗಿದ್ದ ತರಬೇತಿ. ಆದರೂ ನಾನು ಒಪ್ಪಿಕೊಂಡೆ. ಏಕೆಂದರೆ ಈ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ. ತಪ್ಪು ಮಾಡಿದವನಿಗೆ ಹೇಳಲು ಸ್ವಲ್ಪವಾದರೂ ಇರುತ್ತದೆ. ಇಡೀ ವೇಷಭೂಷಣದ ಬಗ್ಗೆ ಹೇಳಲು ಹೊರಟರೆ ಸಂಜೆಯಾದೀತು. ಆದ್ದರಿಂದ ಒಂದೇ ಒಂದು ಭಾಗವನ್ನು ತೆಗೆದುಕೊಳ್ಳುತ್ತೇನೆ. ಅದು ಯೋಧನ ಹೆಗಲ ಮೇಲಿನ ಕವಚ.

ನಡೆದದ್ದೇನು?

ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಲೆಯಲ್ಲಿ ರಾಜ್ಯೋತ್ಸವಕ್ಕೆ ಕೆಳದಿ ಚೆನ್ನಮ್ಮನ ನಾಟಕ ಮಾಡಿಸಿದೆ. ಕಥೆ ನಿಮಗೆ ಗೊತ್ತೇ ಇದೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೋಗುವಾಗ ರಾಣಿ ಅವನಿಗೆ ಆಶ್ರಯ ಕೊಟ್ಟಳು. ಔರಂಗಜೇಬನ ಸೇನೆ ಬಂತು. ಮಲೆನಾಡಿನ ಕಾಡಿನಲ್ಲಿ, ಮಳೆಯಲ್ಲಿ ಅವಳ ಸೈನಿಕರು ಎದುರಿಸಿದರು. ನಮ್ಮ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ನಾಟಕ ಎಲ್ಲಿ ಸಿಗುತ್ತದೆ?

ಎಂಟನೇ ತರಗತಿಯ ಒಬ್ಬ ಹುಡುಗನಿಗೆ ಮೊಗಲ್ ಸರದಾರನ ಪಾತ್ರ ಕೊಟ್ಟಿದ್ದೆ. ಅವನ ಮನೆಯವರು ಉತ್ಸಾಹದಿಂದ ಮೊಬೈಲ್‌ನಲ್ಲಿ ಹುಡುಕಿ ಒಂದು ಜೊತೆ ಉಕ್ಕಿನ ಹೆಗಲ ಕವಚ ತರಿಸಿದರು. ಕಪ್ಪು ಬಣ್ಣ, ಚರ್ಮದ ಪಟ್ಟಿ, ಹಿತ್ತಾಳೆಯ ರಿವೆಟ್, ಒಂದರ ಮೇಲೊಂದು ಜೋಡಿಸಿದ ನಾಲ್ಕು ಹಾಳೆಗಳು. ನೋಡಲು ಬಹಳ ಚೆನ್ನಾಗಿತ್ತು. ಶಾಲೆಯ ಮಕ್ಕಳೆಲ್ಲ ಸುತ್ತ ನಿಂತು ಮುಟ್ಟಿ ನೋಡಿದರು. ನಾನೂ ಮುಟ್ಟಿ ನೋಡಿದೆ. ಆದರೆ ಅಂಚಿನ ಮೇಲೆ ಬೆರಳಾಡಿಸಿ ನೋಡಲಿಲ್ಲ. ಆ ಹುಡುಗ ಅದನ್ನು ತೆಳ್ಳನೆಯ ಜುಬ್ಬಾದ ಮೇಲೆ ಕಟ್ಟಿಕೊಂಡ. ಕತ್ತಿವರಸೆಯ ದೃಶ್ಯದಲ್ಲಿ ಬಲಗೈಯನ್ನು ಜೋರಾಗಿ ಮೇಲೆತ್ತಿದಾಗ ಮೇಲಿನ ಹಾಳೆ ಕತ್ತಿನ ಕಡೆಗೆ ಜಾರಿ ಕುತ್ತಿಗೆಯ ಕೆಳಗೆ ಕೊಯ್ದಿತು. ಮೂರು ಹೊಲಿಗೆ ಬಿತ್ತು. ಸಭೆಯಲ್ಲಿದ್ದವರು ರಕ್ತವನ್ನು ಬಣ್ಣ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಮರುದಿನ ನಾನು ಅವನ ಮನೆಗೆ ಹೋದೆ. ಅವನ ತಾಯಿ ನನ್ನನ್ನು ಬೈಯಲಿಲ್ಲ, ಚಹಾ ಕೊಟ್ಟರು. ಹುಡುಗ ಮಾತ್ರ ಒಂದು ಪ್ರಶ್ನೆ ಕೇಳಿದ. "ಸಾರ್, ಮುಂದಿನ ವರ್ಷ ನಾನು ರಾಣಿಯ ಸೈನಿಕ ಆಗ್ಬಹುದಾ? ಆ ಕಡೆ ನಮ್ಮವರು ಯಾರೂ ಇರ್ಲಿಲ್ವಾ?"

ಆಗ ನನಗೆ ಹೊಳೆಯಿತು. ಆ ನಾಟಕದಲ್ಲಿ ಮೊಗಲರ ಕಡೆಯ ಐದು ಪಾತ್ರಗಳನ್ನೂ ನಾನು ಮುಸ್ಲಿಂ ಹುಡುಗರಿಗೇ ಕೊಟ್ಟಿದ್ದೆ. ಯಾರೂ ನನಗೆ ಹಾಗೆ ಮಾಡು ಎಂದಿರಲಿಲ್ಲ. ಉರ್ದು ಸಂಭಾಷಣೆ ಅವರಿಗೆ ಸುಲಭವಾಗುತ್ತದೆ ಎಂದು ನನ್ನಷ್ಟಕ್ಕೆ ನಾನೇ ಮಾಡಿದ್ದು. ಹೆಗಲಿನ ಗಾಯ ಹದಿನೈದು ದಿನದಲ್ಲಿ ಮಾಯಿತು. ಈ ಪ್ರಶ್ನೆ ಮಾಯಲಿಲ್ಲ. ಎರಡಕ್ಕೂ ಉತ್ತರ ಹುಡುಕಲು ಹೊರಟಾಗ ನಾನು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಆ ಕವಚ ಯಾವ ದೇಶದ್ದು?

ಮೊದಲು ಗಾಯ ಮಾಡಿದ ಆ ವಸ್ತುವನ್ನೇ ನೋಡೋಣ. ಅದು ಮೊಗಲರದ್ದೂ ಅಲ್ಲ, ಕೆಳದಿಯದ್ದೂ ಅಲ್ಲ. ಅದು ಯುರೋಪಿನದು. ಅಲ್ಲಿ ಹದಿಮೂರನೆಯ ಶತಮಾನದವರೆಗೆ ಯೋಧರು ಮುಖ್ಯವಾಗಿ ಕಬ್ಬಿಣದ ಬಳೆಗಳನ್ನು ಹೆಣೆದ ಅಂಗಿ ತೊಡುತ್ತಿದ್ದರು. ಹದಿನಾಲ್ಕನೆಯ ಶತಮಾನದಲ್ಲಿ ಅದರ ಮೇಲೆ ಉಕ್ಕಿನ ತಗಡುಗಳು ಬಂದವು. ಹದಿನೈದನೆಯ ಶತಮಾನಕ್ಕೆ ತಲೆಯಿಂದ ಪಾದದವರೆಗೆ ತಗಡಿನ ಕವಚ ಸಿದ್ಧವಾಯಿತು. ಅದರ ಒಟ್ಟು ತೂಕ ಸುಮಾರು 15ರಿಂದ 25 ಕೆ.ಜಿ.

ಹೆಗಲಿಗೆ ಎರಡು ಬಗೆಯ ಕವಚಗಳಿದ್ದವು. ಹೆಗಲಿನ ಮೇಲ್ಭಾಗವನ್ನು ಮತ್ತು ತೋಳಿನ ಮೇಲ್ಭಾಗವನ್ನು ಮಾತ್ರ ಮುಚ್ಚುವ ಚಿಕ್ಕದಕ್ಕೆ ಸ್ಪಾಲ್ಡರ್ ಎನ್ನುತ್ತಾರೆ. ಎದೆಯ ಮತ್ತು ಬೆನ್ನಿನ ಕಡೆಗೂ ಹರಡಿ ಕಂಕುಳನ್ನು ಮುಚ್ಚುವ ದೊಡ್ಡದಕ್ಕೆ ಪಾಲ್ಡ್ರನ್ ಎನ್ನುತ್ತಾರೆ. ಕುದುರೆ ಸವಾರರು ಬಲಗಂಕುಳಲ್ಲಿ ಈಟಿ ಇರುಕಿಕೊಳ್ಳಬೇಕಿತ್ತು. ಅದಕ್ಕಾಗಿ ಬಲಗಡೆಯದನ್ನು ಎಷ್ಟೋ ಸಲ ಚಿಕ್ಕದಾಗಿ ಕತ್ತರಿಸಿ ಮಾಡುತ್ತಿದ್ದರು. ಎಡಗಡೆಯದು ದೊಡ್ಡದು, ಬಲಗಡೆಯದು ಚಿಕ್ಕದು. ಚಂದಕ್ಕಿಂತ ಕೆಲಸ ಮುಖ್ಯವಾಗಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಹೆಗಲು ನಮ್ಮ ದೇಹದಲ್ಲಿ ಅತ್ಯಂತ ಹೆಚ್ಚು ಕಡೆಗೆ ತಿರುಗುವ ಕೀಲು. ಕೈ ಮೇಲೆ ಹೋಗಬೇಕು, ಹಿಂದೆ ಹೋಗಬೇಕು, ಸುತ್ತು ತಿರುಗಬೇಕು. ಒಂದೇ ತಗಡು ಹೊದಿಸಿದರೆ ಕೈ ಏಳುವುದಿಲ್ಲ. ಆದ್ದರಿಂದ ಕಿರಿದಾದ ಬಾಗಿದ ಪಟ್ಟಿಗಳನ್ನು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರುವಂತೆ ಇಟ್ಟು, ಒಳಗಡೆ ಚರ್ಮದ ಪಟ್ಟಿಗೆ ರಿವೆಟ್ ಹೊಡೆಯುತ್ತಾರೆ. ಕೈ ಎತ್ತಿದಾಗ ಪಟ್ಟಿಗಳು ಒಂದರೊಳಗೊಂದು ಸರಿಯುತ್ತವೆ, ಇಳಿಸಿದಾಗ ಬಿಚ್ಚಿಕೊಳ್ಳುತ್ತವೆ. ಸಿಗಡಿಯ ಚಿಪ್ಪನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಇನ್ನೊಂದು ಮುಖ್ಯ ಸಂಗತಿ ಇದೆ. ಆ ಕಾಲದ ಯೋಧ ಉಕ್ಕನ್ನು ಮೈಗೆ ಅಥವಾ ತೆಳು ಬಟ್ಟೆಗೆ ಕಟ್ಟಿಕೊಳ್ಳುತ್ತಿರಲಿಲ್ಲ. ಒಳಗೆ ಹತ್ತಿ ಅಥವಾ ನಾರು ತುಂಬಿ ಹೊಲಿದ ದಪ್ಪ ಅಂಗಿ ಇರುತ್ತಿತ್ತು. ಆ ಅಂಗಿಗೇ ದಾರಗಳಿದ್ದು ಕವಚವನ್ನು ಅದಕ್ಕೆ ಕಟ್ಟುತ್ತಿದ್ದರು. ಭಾರವನ್ನು ಹೊರುವುದೂ ಅದೇ, ಪೆಟ್ಟನ್ನು ನುಂಗುವುದೂ ಅದೇ. ಉಕ್ಕು ಕತ್ತಿಯನ್ನು ತಡೆಯುತ್ತದೆ, ಹತ್ತಿ ಪೆಟ್ಟನ್ನು ತಡೆಯುತ್ತದೆ. ನನ್ನ ವಿದ್ಯಾರ್ಥಿಗೆ ನಾನು ಉಕ್ಕು ಹಾಕಿಸಿದೆ, ಹತ್ತಿ ಹಾಕಿಸಲಿಲ್ಲ.

ಇಂದಿಗೂ ಯುರೋಪ್ ಮತ್ತು ಅಮೆರಿಕದಲ್ಲಿ ಹಳೆಯ ಯುದ್ಧಗಳನ್ನು ಮತ್ತೆ ಅಭಿನಯಿಸುವ ಹವ್ಯಾಸಿ ತಂಡಗಳಿವೆ. 1410ರ ಗ್ರುನ್‌ವಾಲ್ಡ್ ಯುದ್ಧವನ್ನು ಪೋಲೆಂಡಿನಲ್ಲಿ ಜುಲೈ ತಿಂಗಳಲ್ಲಿ ಹೀಗೆ ಆಡುತ್ತಾರೆ. ಅವರಿಗೆ ಬೇಕಾದ ಕವಚಗಳಲ್ಲಿ ಎಷ್ಟೋ ಪಾಲು ತಯಾರಾಗುವುದು ಎಲ್ಲಿ ಗೊತ್ತೇ? ನಮ್ಮ ದೇಶದಲ್ಲೇ. ಡೆಹ್ರಾಡೂನ್‌ನಲ್ಲಿ 1943ರಲ್ಲಿ ಆರಂಭವಾದ ವಿಂಡ್ಲಾಸ್ ಎಂಬ ಕಂಪನಿ ಕತ್ತಿ, ಕವಚಗಳ ಪ್ರತಿರೂಪಗಳನ್ನು ಮಾಡಿ ಹೊರದೇಶಗಳಿಗೆ ಕಳುಹಿಸುತ್ತದೆ. ರೂರ್ಕಿಯಲ್ಲಿಯೂ ಇಂಥ ಕುಶಲಕರ್ಮಿಗಳಿದ್ದಾರೆ. ಉತ್ತರದ ಕಾರ್ಮಿಕರು ಯುರೋಪಿನ ನಮೂನೆಯಲ್ಲಿ ಬಡಿದ ಕವಚ ಮಲೆನಾಡಿನ ನಾಟಕದಲ್ಲಿ ಮೊಗಲ್ ಸರದಾರನ ಹೆಗಲೇರಿದ್ದು ಹೀಗೆ.

ನಮ್ಮ ಯೋಧರ ಹೆಗಲ ಮೇಲೆ ಏನಿತ್ತು?

ಸಾಗರ, ಸೊರಬ, ಶಿಕಾರಿಪುರದ ಕಡೆ ಊರೂರಿಗೆ ವೀರಗಲ್ಲುಗಳಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ ಅವುಗಳ ಮುಂದೆ ನಿಲ್ಲಿಸಿ. ಹೆಚ್ಚಿನ ಕಲ್ಲುಗಳಲ್ಲಿ ವೀರನ ಎದೆ ಬರಿದು. ಕೈಯಲ್ಲಿ ಕತ್ತಿ, ಗುರಾಣಿ ಅಥವಾ ಬಿಲ್ಲು. ದನಗಳನ್ನು ಕಾಯಲು, ಊರನ್ನು ಉಳಿಸಲು ಹೋಗಿ ಸತ್ತ ಸಾಮಾನ್ಯ ಮನುಷ್ಯನ ಹೆಗಲ ಮೇಲೆ ಉಕ್ಕು ಇರಲಿಲ್ಲ. ಅದು ಹಣವಿದ್ದವರ ವಸ್ತು.

ಹಾಗೆಂದು ಕನ್ನಡಕ್ಕೆ ಕವಚ ಗೊತ್ತಿರಲಿಲ್ಲ ಎಂದಲ್ಲ. ನಮ್ಮ ಹಳೆಯ ಕಾವ್ಯಗಳಲ್ಲಿ ಕವಚಕ್ಕೆ ಜೋಡು ಎಂಬ ಹೆಸರಿದೆ. ಶಿರಸ್ತ್ರಾಣಕ್ಕೆ ಸೀಸಕ ಎನ್ನುತ್ತಾರೆ. ಇಂದು ತರಗತಿಯಲ್ಲಿ ಜೋಡು ಎಂದರೆ ಮಕ್ಕಳು ನಗುತ್ತಾರೆ, ಅವರಿಗೆ ಅದು ಕಾಲಿಗೆ ಹಾಕುವ ಮೆಟ್ಟು. ಮೈಯನ್ನು ಕಾಯುವುದೂ ಜೋಡು, ಪಾದವನ್ನು ಕಾಯುವುದೂ ಜೋಡು ಎಂದು ನಾನು ಹೇಳುತ್ತೇನೆ. ಉರ್ದುವಿನಲ್ಲಿ ಬಳೆಗಳನ್ನು ಹೆಣೆದ ಅಂಗಿಗೆ ಜಿರಹ್, ತಗಡು ಸೇರಿದ ಕವಚಕ್ಕೆ ಬಖ್ತರ್. ಇಂದಿನ ಸೇನೆಯ ಕವಚದ ವಾಹನಕ್ಕೂ ಉರ್ದು ಪತ್ರಿಕೆಗಳಲ್ಲಿ ಬಖ್ತರ್‌ಬಂದ್ ಗಾಡಿ ಎಂದೇ ಹೆಸರು. ಎದೆ, ಬೆನ್ನು ಮತ್ತು ಎರಡು ಪಕ್ಕೆಗಳಿಗೆ ಕಟ್ಟುವ ನಾಲ್ಕು ತಗಡುಗಳಿಗೆ ಚಾರ್ ಆಈನಾ, ಅಂದರೆ ನಾಲ್ಕು ಕನ್ನಡಿ. ಮುಂಗೈ ಕವಚಕ್ಕೆ ದಸ್ತಾನಾ. ತೋಳಿಗೆ ಕಟ್ಟುವುದು ಬಾಜೂಬಂದ್, ಕನ್ನಡದಲ್ಲಿ ತೋಳಬಂದಿ. ಆ ಬಂದ್, ಈ ಬಂದಿ ಎರಡೂ ಒಂದೇ ಮೂಲದ ನೆಂಟರು.

ಈಗ ಹೆಗಲಿಗೆ ಬನ್ನಿ. ಮೊಗಲರ ಮತ್ತು ದಖನ್ನಿನ ಯೋಧರು ಹೆಗಲಿಗೆ ಯುರೋಪಿನವರಂತೆ ದೊಡ್ಡ ತಗಡಿನ ಚಿಪ್ಪು ಹಾಕುತ್ತಿರಲಿಲ್ಲ. ಬಳೆ ಹೆಣೆದ ಜಿರಹ್‌ನ ತೋಳೇ ಹೆಗಲನ್ನು ಮುಚ್ಚುತ್ತಿತ್ತು. ನಮ್ಮ ಬಿಸಿಲಿಗೆ, ಕುದುರೆಯ ಮೇಲೆ ಕತ್ತಿ ಬೀಸುವ ರೀತಿಗೆ ಅದೇ ಹೊಂದುತ್ತಿತ್ತು. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಸೈನಿಕರನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅವರು ಹತ್ತಿ ತುಂಬಿ ಹೊಲಿದ ದಪ್ಪ ಅಂಗಿಗಳನ್ನು ತೊಟ್ಟಿದ್ದರು. ಕೆಲವರ ಅಂಗಿಗಳು ಗಟ್ಟಿ ಚರ್ಮದ ಪದರಗಳವು, ಅವುಗಳಲ್ಲಿ ಕಬ್ಬಿಣದ ತಗಡುಗಳನ್ನು ಸೇರಿಸಿದ್ದರು. ಇನ್ನೂರೈವತ್ತು ವರ್ಷಗಳ ನಂತರವೂ ಈ ಪದ್ಧತಿ ಉಳಿದಿತ್ತು. ಟಿಪ್ಪು ಸುಲ್ತಾನನದೆಂದು ಹೇಳಲಾಗುವ, ಬಟ್ಟೆಯನ್ನು ಪದರ ಪದರವಾಗಿ ಹೊಲಿದ ಶಿರಸ್ತ್ರಾಣ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ.

ಮಲೆನಾಡಿಗೆ ಇದು ಇನ್ನೂ ಸರಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಆಷಾಢದಲ್ಲಿ ನಮ್ಮ ಮನೆಯ ಕತ್ತಿ, ಗುದ್ದಲಿಗಳೇ ನಾಲ್ಕು ದಿನಕ್ಕೆ ತುಕ್ಕು ಹಿಡಿಯುತ್ತವೆ. ಕವಲೇದುರ್ಗದ ಮೆಟ್ಟಿಲು ಹತ್ತಿದವರಿಗೆ ಗೊತ್ತು, ಬರಿಗೈಯಲ್ಲಿ ಹತ್ತಿದರೇ ಏದುಸಿರು ಬರುತ್ತದೆ. ಇಪ್ಪತ್ತು ಕೆ.ಜಿ. ಉಕ್ಕು ಹೊತ್ತು ಆ ಜಾರುವ ಕಲ್ಲಿನ ಮೇಲೆ ಕಾವಲು ತಿರುಗುವುದನ್ನು ಊಹಿಸಿ ನೋಡಿ.

ಹುಡುಗನ ಪ್ರಶ್ನೆಗೆ ಉತ್ತರ

ಕವಚದ ಬಗ್ಗೆ ಓದುವಾಗಲೇ ನನಗೆ ಆ ಎರಡನೆಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಕೆಳದಿಯ ನಾಯಕರು ಮೊದಲು ವಿಜಯನಗರದ ಸಾಮಂತರಾಗಿ ಬೆಳೆದವರು. ಆ ವಿಜಯನಗರದ ಎರಡನೆಯ ದೇವರಾಯ ತನ್ನ ಸೇನೆಗೆ ಮುಸ್ಲಿಂ ಸವಾರರನ್ನೂ ಬಿಲ್ಲುಗಾರರನ್ನೂ ಸೇರಿಸಿಕೊಂಡ. ಅವರಿಗೆ ಭೂಮಿ ಕೊಟ್ಟ. ಅವನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ನಿಂತಿದೆ. ಅಲ್ಲಿನ ಶಾಸನ ಅದನ್ನು ಧರ್ಮಸಾಲೆ ಎಂದು ಕರೆಯುತ್ತದೆ, ರಾಜನಿಗೆ ಪುಣ್ಯವಾಗಲಿ ಎಂದು ಕಟ್ಟಿಸಿದ್ದಾಗಿ ಹೇಳುತ್ತದೆ. ಹಾಗೆಯೇ ಆ ಕಡೆಯ ಸೇನೆಗಳನ್ನೂ ನೋಡಿ. 1637-38ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಇಕ್ಕೇರಿಯ ಮೇಲೆ ಬಂದಾಗ ಅವನ ಜೊತೆಗಿದ್ದ ಸರದಾರ ಶಿವಾಜಿಯ ತಂದೆ ಶಹಾಜಿ. ಐವತ್ತು ವರ್ಷಗಳ ನಂತರ ಅದೇ ಶಹಾಜಿಯ ಮೊಮ್ಮಗನಿಗೆ ಅದೇ ಕೆಳದಿ ಆಶ್ರಯ ಕೊಟ್ಟಿತು.

ಅಂದರೆ, ದಖನ್ನಿನ ರಣರಂಗದಲ್ಲಿ ಹೆಸರು ನೋಡಿ ಕಡೆ ಹೇಳಲು ಬರುವುದಿಲ್ಲ. ಕವಚ ನೋಡಿ ಹೇಳಲು ಅದಕ್ಕಿಂತಲೂ ಬರುವುದಿಲ್ಲ. ಎರಡೂ ಕಡೆ ಅದೇ ಹತ್ತಿಯ ಅಂಗಿ, ಅದೇ ಜಿರಹ್. ನಮ್ಮ ನಾಟಕಗಳಲ್ಲಿ ಮಾತ್ರ ಒಂದು ಕಡೆಗೆ ಹೊಳೆಯುವ ಹಳದಿ, ಇನ್ನೊಂದು ಕಡೆಗೆ ಕಪ್ಪು ಉಕ್ಕು. ಇದನ್ನು ಇತಿಹಾಸ ಹೇಳಿಕೊಡಲಿಲ್ಲ, ಸಿನಿಮಾ ಹೇಳಿಕೊಟ್ಟಿತು. ನಾವು ಪರೀಕ್ಷಿಸದೆ ಮಕ್ಕಳ ಮೈಗೆ ಹಾಕಿದೆವು.

ಕವಚ ಹೋಗಿ ಆಭರಣ ಉಳಿಯಿತು

ಯಕ್ಷಗಾನ ನೋಡಿದ ನೀವೆಲ್ಲ ಭುಜಕೀರ್ತಿಯನ್ನು ಕಂಡಿದ್ದೀರಿ. ಸಂಸ್ಕೃತದಲ್ಲಿ ಭುಜ ಎಂದರೆ ತೋಳು, ನಾವು ಕನ್ನಡದಲ್ಲಿ ಹೆಗಲಿಗೂ ಹಾಗೆ ಹೇಳುತ್ತೇವೆ. ಹೆಗಲಿಗೆ ಕೀರ್ತಿ ತರುವುದು ಭುಜಕೀರ್ತಿ. ಬಡಗುತಿಟ್ಟಿನ ರಾಜವೇಷಕ್ಕೆ ಎದೆಕಟ್ಟು, ತೋಳುಕಟ್ಟು, ಕೈಕಟ್ಟು, ಭುಜಕೀರ್ತಿ ಎಲ್ಲವೂ ಇವೆ. ಹೆಸರುಗಳನ್ನು ನೋಡಿ, ಎದೆ, ತೋಳು, ಕೈ, ಭುಜ. ಕವಚದ ಒಂದೊಂದು ಭಾಗವೂ ಇಲ್ಲಿ ಆಭರಣವಾಗಿ ನಿಂತಿದೆ. ಆದರೆ ಇದರಲ್ಲಿ ಉಕ್ಕು ಇಲ್ಲ. ಹಗುರವಾದ ಮರವನ್ನು ಕೆತ್ತಿ, ಮೇಲೆ ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸುತ್ತಾರೆ. ರಾತ್ರಿಯಿಡೀ ಕುಣಿಯುವ ಕಲಾವಿದನಿಗೆ ಭಾರ ಬೇಡ, ಬೆಳಕು ಬೇಕು. ದೊಂದಿಯ ಬೆಳಕಿನಲ್ಲಿ ಬೇಗಡೆ ಚಿನ್ನದಂತೆ ಕಾಣುತ್ತದೆ. ಸಾಗರದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಅವರು ಬೆಂಡಿನಿಂದ ಮಾಡುವ ಬಾಸಿಂಗವೂ ಹೀಗೆಯೇ, ಕೈಯಲ್ಲಿ ಹಿಡಿದರೆ ಹೂವಿನಷ್ಟು ಹಗುರ. ನಮ್ಮ ಊರಿನ ಕಲಾವಿದರಿಗೆ ಗೊತ್ತಿದ್ದ ಈ ಸರಳ ಸತ್ಯ ಬಿ.ಎಡ್. ಮಾಡಿದ ನನಗೆ ತಿಳಿದಿರಲಿಲ್ಲ.

ಉಕ್ಕಿನ ಕವಚ ಯುದ್ಧರಂಗದಿಂದ ಏಕೆ ಹೋಯಿತು ಎಂದು ಮಕ್ಕಳು ಕೇಳಿದರೆ ಹೊಸನಗರದ ಕಡೆಗೆ ಕೈ ತೋರಿಸಿ. ಆ ತಾಲ್ಲೂಕಿನ ನಗರ ಎಂಬ ಊರು ಹಿಂದೆ ಬಿದನೂರು. ಕೆಳದಿಯವರ ಕೊನೆಯ ರಾಜಧಾನಿ. 1763ರಲ್ಲಿ ಹೈದರ್ ಅಲಿ ಅದನ್ನು ಗೆದ್ದು ಹೈದರ್ ನಗರ ಎಂದು ಹೆಸರಿಟ್ಟ. 1783ರಲ್ಲಿ ಇಂಗ್ಲಿಷರ ಸೇನಾಪತಿ ಮ್ಯಾಥ್ಯೂಸ್ ಅದನ್ನು ಹಿಡಿದ, ಅದೇ ವರ್ಷ ಟಿಪ್ಪುವಿಗೆ ಶರಣಾದ. ಆ ಊರಿನ ಒಂದು ಪಾಳು ಬಾವಿಯಲ್ಲಿ 2018ರಲ್ಲಿ ಒಂದು ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಅವುಗಳನ್ನು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸಂಗ್ರಹಾಲಯಕ್ಕೆ ತಂದರು. ಮದ್ದು ಗುಂಡು, ರಾಕೆಟ್ಟು ಬಂದ ಮೇಲೆ ಹೆಗಲ ತಗಡಿಗೆ ಬೆಲೆ ಉಳಿಯಲಿಲ್ಲ. ಗುಂಡನ್ನು ತಡೆಯುವಷ್ಟು ದಪ್ಪ ಮಾಡಿದರೆ ಹೊತ್ತು ನಡೆಯಲಾಗದು, ಹೊತ್ತು ನಡೆಯುವಷ್ಟು ತೆಳು ಮಾಡಿದರೆ ಗುಂಡು ನಿಲ್ಲದು. ಇಂದು ಪೊಲೀಸರ, ಸೈನಿಕರ ಹೆಗಲ ಮೇಲೆ ನಕ್ಷತ್ರದ ಪಟ್ಟಿ ಮಾತ್ರ ಇದೆ. ಅದಕ್ಕೂ ಕನ್ನಡದಲ್ಲಿ ಭುಜಕೀರ್ತಿ ಎನ್ನುವುದುಂಟು.

ಮುಂದಿನ ವರ್ಷ ಮಾಡಿದ್ದು

ಮುಂದಿನ ರಾಜ್ಯೋತ್ಸವಕ್ಕೆ ಅದೇ ನಾಟಕವನ್ನು ಮತ್ತೆ ಮಾಡಿಸಿದೆ. ನಾಟಕಕ್ಕೆ ಮೊದಲು ಮಕ್ಕಳನ್ನು ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ಬಂದ ಮೇಲೆ ವೇಷ ಯಾವುದರಿಂದ ಮಾಡೋಣ ಎಂದು ಅವರನ್ನೇ ಕೇಳಿದೆ. ಒಬ್ಬಳು ಹುಡುಗಿ "ಸಾರ್, ಅಡಿಕೆ ಹಾಳೆ" ಎಂದಳು. ನನಗೆ ನಾಚಿಕೆಯಾಯಿತು. ಅಡಿಕೆ ತೋಟದ ನಡುವೆ ಇರುವ ಶಾಲೆ ನಮ್ಮದು. ಮಳೆಗೆ ಹಾಳೆ ಟೋಪಿ, ಊಟಕ್ಕೆ ಹಾಳೆ ತಟ್ಟೆ ಮಾಡುವ ಊರಿನವರು ನಾವು. ಹಾಳೆಯಂಥ ಕವಚ ಬೇರೆ ಎಲ್ಲಿದೆ?

ಉದ್ದಕ್ಕೆ ತಾನಾಗಿ ಸುರುಳಿಯಾಗುವ ಹಾಳೆ ಮುಂಗೈಗೆ ದಸ್ತಾನಾದಂತೆ ಕೂರುತ್ತದೆ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬೋರಲು ಹಾಕಿದ ಕೊಡದ ಮೇಲೆ ಹೊದಿಸಿ ಹಗ್ಗದಿಂದ ಬಿಗಿದು ಒಣಗಿಸಿದರೆ ಹೆಗಲಿನ ಬಾಗು ಬರುತ್ತದೆ. ನಾರಿನ ದಿಕ್ಕಿಗೆ ಸೀಳುವ ಗುಣ ಅದಕ್ಕಿದೆ. ಆದ್ದರಿಂದ ಒಳಗಡೆ ಹಳೆಯ ಬಟ್ಟೆಯನ್ನು ಮೈದಾ ಅಂಟಿನಿಂದ ಅಂಟಿಸಿದೆವು. ಅಂಚಿಗೆ ಬಟ್ಟೆಯ ಪಟ್ಟಿ ಹೊಲಿದೆವು. ಚೆನ್ನಾಗಿ ಒಣಗಿಸದ ಎರಡು ಹಾಳೆಗಳು ಬೂಸಲು ಹಿಡಿದವು, ಅವುಗಳನ್ನು ಬಿಸಾಡಿದೆವು. ತಾಯಂದಿರು ಹಳೆಯ ಕೌದಿಗಳನ್ನು ಕತ್ತರಿಸಿ ತೋಳಿಲ್ಲದ ದಪ್ಪ ಅಂಗಿ ಹೊಲಿದುಕೊಟ್ಟರು. ಆ ಅಂಗಿಯ ಎದೆಗೆ, ಹೆಗಲಿಗೆ ಬೆಳ್ಳಿ ಬಣ್ಣ ಬಳಿದ ಹಾಳೆಯ ತುಂಡುಗಳನ್ನು ಹೊಲಿದೆವು. ಪಾಯೆಸ್ ಕಂಡ ಸೈನಿಕ ನಮ್ಮ ಶಾಲೆಯ ಅಂಗಳದಲ್ಲಿ ಎದ್ದು ನಿಂತ. ರಾಣಿಗೆ ಮಾತ್ರ ಯಕ್ಷಗಾನದ ರೀತಿಯ ಬೇಗಡೆಯ ಭುಜಕೀರ್ತಿ ಮಾಡಿದೆವು.

ಎರಡೂ ಕಡೆಯ ಸೈನಿಕರಿಗೆ ಒಂದೇ ಬಗೆಯ ಅಂಗಿ, ಒಂದೇ ಬಗೆಯ ಹಾಳೆ. ಗುರುತಿಗೆ ಸೊಂಟದ ಪಟ್ಟಿಯ ಬಣ್ಣ ಮಾತ್ರ ಬೇರೆ. ಪಾತ್ರಗಳನ್ನು ಚೀಟಿ ಎತ್ತಿ ಹಂಚಿದೆ. ಹೊಲಿಗೆ ಬಿದ್ದ ಆ ಹುಡುಗನಿಗೆ ಚೀಟಿಯಲ್ಲಿ ರಾಣಿಯ ಕೋಟೆಯ ಕಾವಲುಗಾರ ಬಂತು. ಸಂಭಾಷಣೆ ಎರಡೇ ಸಾಲು. ಅದನ್ನು ಅವನು ಒಂದು ತಿಂಗಳು ಅಭ್ಯಾಸ ಮಾಡಿದ. ಮೊಗಲ್ ಸರದಾರನ ಪಾತ್ರ ಭಟ್ಟರ ಮನೆಯ ಹುಡುಗನಿಗೆ ಬಂತು. ಅವನಿಗೆ ಉರ್ದು ಉಚ್ಚಾರ ಕಲಿಸಿದ್ದು ಇದೇ ಕಾವಲುಗಾರ. "ಖ" ಬರದೆ ಅವನು "ಕ" ಎಂದಾಗಲೆಲ್ಲ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಶಿಕ್ಷಕರಿಗೆ ಮತ್ತು ಪೋಷಕರಿಗೆ ಕೆಲವು ಸಲಹೆಗಳು

ಇಷ್ಟಾದರೂ ಉಕ್ಕಿನ ಕವಚವೇ ಬೇಕು ಎನ್ನುವವರು ಇದ್ದಾರೆ. ದೊಡ್ಡವರ ಮೆರವಣಿಗೆಗೆ, ಕಾಲೇಜು ನಾಟಕಕ್ಕೆ ಅದು ಬರಬಹುದು. ಅವರು ಈ ಕೆಳಗಿನವುಗಳನ್ನು ಗಮನಿಸಬೇಕೆಂದು ಕೋರುತ್ತೇನೆ.

1. ತಗಡಿನ ದಪ್ಪವನ್ನು ಗೇಜ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಸಂಖ್ಯೆ ಚಿಕ್ಕದಾದಷ್ಟು ತಗಡು ದಪ್ಪ. 18 ಗೇಜ್ ಸುಮಾರು 1.2 ಮಿ.ಮೀ., 16 ಗೇಜ್ ಸುಮಾರು 1.5 ಮಿ.ಮೀ., 14 ಗೇಜ್ ಸುಮಾರು 2 ಮಿ.ಮೀ. ವೇಷಕ್ಕೆ 18 ಸಾಕು. ನಿಜವಾಗಿ ಪೆಟ್ಟು ಬೀಳುವ ಆಟಕ್ಕೆ ಮಾತ್ರ 16 ಅಥವಾ 14 ಬಳಸುತ್ತಾರೆ.

2. ತೂಕದ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಒಂದು ಚದರ ಮೀಟರ್ ಅಗಲದ, ಒಂದು ಮಿ.ಮೀ. ದಪ್ಪದ ಉಕ್ಕಿನ ತೂಕ 7.85 ಕೆ.ಜಿ. ಎರಡು ಹೆಗಲಿಗೆ ಸೇರಿ ಚದರ ಮೀಟರಿನ ಐದನೇ ಒಂದು ಭಾಗ ಹಿಡಿದರೂ 18 ಗೇಜಿನಲ್ಲಿ 1.9 ಕೆ.ಜಿ. ಆಗುತ್ತದೆ. ಆರರಿಂದ ಎಂಟನೇ ತರಗತಿಯ ಮಕ್ಕಳ ಶಾಲಾ ಚೀಲ 3ರಿಂದ 4 ಕೆ.ಜಿ. ಮೀರಬಾರದೆಂದು ನಮ್ಮ ಸರ್ಕಾರ 2019ರಲ್ಲಿ ಆದೇಶಿಸಿದೆ. ಚೀಲ ಹೊತ್ತು ಯಾರೂ ಕುಣಿಯುವುದಿಲ್ಲ ಎಂಬುದನ್ನೂ ನೆನಪಿಡಿ.

3. ಕೊಂಡ ತಕ್ಷಣ ಎಲ್ಲ ಅಂಚುಗಳ ಮೇಲೆ ಹತ್ತಿಯ ಉಂಡೆಯನ್ನು ಸವರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಚರ್ಮವೂ ಸಿಕ್ಕಿಕೊಳ್ಳುತ್ತದೆ. ಅಂಚನ್ನು ಹೊರಕ್ಕೆ ಮಡಿಸಿರಬೇಕು, ಇಲ್ಲವಾದರೆ ಅರ ಹಾಕಿ ಉಜ್ಜಿಸಬೇಕು. ಒಳಗಿನ ರಿವೆಟ್ಟಿನ ತಲೆಯನ್ನೂ ನೋಡಿ.

4. ಒಳಗೆ ದಪ್ಪ ಹೊಲಿದ ಅಂಗಿ ಇಲ್ಲದೆ ಎಂದಿಗೂ ತೊಡಿಸಬೇಡಿ. ಕುತ್ತಿಗೆಗೂ ಲೋಹಕ್ಕೂ ನಡುವೆ ಮೂರು ಬೆರಳಿನಷ್ಟು ಜಾಗ ಇರಲಿ.

5. ತೊಡಿಸಿದ ಮೇಲೆ ಎರಡೂ ಕೈಗಳನ್ನು ಕಿವಿಗೆ ತಾಗುವಂತೆ ಎತ್ತಿಸಿ, ಎದೆಯ ಮೇಲೆ ಅಡ್ಡ ಕಟ್ಟಿಸಿ, ಹಿಂದಕ್ಕೆ ತಿರುಗಿಸಿ. ಈ ಮೂರರಲ್ಲಿ ಒಂದು ಆಗದಿದ್ದರೂ ಆ ಕವಚ ಆ ಮಗುವಿನದಲ್ಲ. ದೊಡ್ಡವರ ಅಳತೆಯದನ್ನು ಮಕ್ಕಳಿಗೆ ಬಿಗಿದು ಕಟ್ಟಬೇಡಿ.

6. ಮಳೆಗಾಲದಲ್ಲಿ ಒರೆಸಿ ಎಣ್ಣೆ ಸವರಿ ಇಡಿ. ಚರ್ಮದ ಪಟ್ಟಿಗೆ ಬೂಸಲು ಬರುತ್ತದೆ, ಆಗಾಗ ಬಿಸಿಲಿಗೆ ಹಾಕಿ. ತುಕ್ಕು ಹಿಡಿದ ತಗಡನ್ನು ವೇದಿಕೆಗೆ ತರಬೇಡಿ.

7. ಏಳನೆಯದು ಕವಚಕ್ಕೆ ಸೇರಿದ್ದಲ್ಲ, ನಮಗೆ ಸೇರಿದ್ದು. ಪಾತ್ರ ಹಂಚುವಾಗ ಹಾಜರಿ ಪುಸ್ತಕದ ಹೆಸರು ನೋಡಿ ಹಂಚಬೇಡಿ.

ಬಂಧುಗಳೇ, ಮಗುವಿಗೆ ಒಂದು ವೇಷ ತೊಡಿಸುವುದೆಂದರೆ ಅದಕ್ಕೆ ಒಂದು ಪಾಠ ಹೇಳಿದಂತೆ. ಪುಸ್ತಕದ ಪಾಠವನ್ನು ಅದು ಪರೀಕ್ಷೆಯ ನಂತರ ಮರೆಯಬಹುದು. ಮೈಮೇಲೆ ಹಾಕಿದ ಪಾಠವನ್ನು ಮರೆಯುವುದಿಲ್ಲ. ಹತ್ತು ಜನರ ಮುಂದೆ ತಾನು ಯಾರಾಗಿ ನಿಂತಿದ್ದೆ ಎಂಬುದು ಅದಕ್ಕೆ ಮುದುಕನಾಗುವವರೆಗೂ ನೆನಪಿರುತ್ತದೆ. ಆದ್ದರಿಂದ ಆ ವೇಷ ಚರ್ಮವನ್ನೂ ಕೊಯ್ಯಬಾರದು, ಮನಸ್ಸನ್ನೂ ಕೊಯ್ಯಬಾರದು.

ಆ ಹುಡುಗ ಈಗ ಕಾಲೇಜಿನಲ್ಲಿದ್ದಾನೆ. ಅವನ ಕುತ್ತಿಗೆಯ ಕೆಳಗೆ ಸಣ್ಣ ಗೆರೆಯೊಂದು ಇನ್ನೂ ಇದೆ. ಅಡಿಕೆ ಹಾಳೆಯ ಆ ಹೆಗಲ ಕವಚ ಅವನ ಮನೆಯ ಅಟ್ಟದ ಮೇಲಿದೆಯಂತೆ. ಉಕ್ಕಿನದನ್ನು ಅವರು ಎಂದೋ ಗುಜರಿಗೆ ಹಾಕಿದರು.